ಸುಣ್ಣದ ಗೆರೆಯೊಳಗಿನ ಕೋಣೆ

ಸೇಡಂ
೭–೨–೧೯೫೪

ಪ್ರೀತಿಯ ಅಕ್ಕನಿಗೆ,

ಮೊದಲು ಕ್ಷೇಮ ಬರೆದು ಆಮೇಲೆ ಸುದ್ದಿ ಬರೆಯುವ ಪದ್ಧತಿಯನ್ನು ನಾನು ಬಿಟ್ಟಿದ್ದೇನೆ. ಕ್ಷೇಮ ಇದ್ದ ದಿನ ಬರೆದರಾಯಿತು.

ಸುದ್ದಿ ಏನೆಂದರೆ, ನಮ್ಮ ಅಡುಗೆಮನೆಯನ್ನು ಒಡೆಯುತ್ತಿದ್ದೇವೆ. ಮಾಳಿಗೆಯ ನಡುತೊಲೆಗೆ ಗೆದ್ದಲು ಹತ್ತಿ ಅದು ಒಲೆಯ ಮೇಲೆಯೇ ಬಾಗಿದೆ. ತೊಲೆಯೊಂದನ್ನು ಬದಲಿಸಿ ಸುಮ್ಮನಾಗಬೇಕೆಂದು ಅಪ್ಪನ ವಿಚಾರವಿತ್ತು. ನಾನು ಬಿಡಲಿಲ್ಲ. ನಮ್ಮ ವಾಚನಾಲಯಕ್ಕೆ ಹೈದರಾಬಾದಿನಿಂದ ಒಂದು ಕರಪತ್ರ ಬಂದಿದೆ. ಹೊಗೆ ಇಲ್ಲದ ಒಲೆಯನ್ನು ಕಟ್ಟುವ ಬಗೆಯನ್ನು ಅದರಲ್ಲಿ ಚಿತ್ರ ಸಹಿತ ತೋರಿಸಿದ್ದಾರೆ. ಒಲೆಯ ಹಿಂದೆ ಕೊಳವೆ, ಕೊಳವೆ ಮಾಳಿಗೆಯ ಮೇಲಕ್ಕೆ. ಪಡಸಾಲೆಯಲ್ಲಿ ಕುಳಿತು ಅದನ್ನು ಅಪ್ಪನಿಗೆ ಮೊದಲಿನಿಂದ ಕೊನೆಯವರೆಗೆ ಓದಿದೆ. ಅವರು ಉರ್ದು ಪತ್ರಿಕೆಯಿಂದ ಕಣ್ಣೆತ್ತದೆ, "ನಿಮ್ಮವ್ವಗ ಹೊಗಿ ರೂಢಿ ಆಗ್ಯದ" ಎಂದರು.

"ರಜಾಕಾರರ ಕಾಲದಾಗ ನಮಗೂ ಅಂಜಿಕೆ ರೂಢಿ ಆಗಿತ್ತಲ್ಲಪ್ಪಾ" ಎಂದೆ.

ಪತ್ರಿಕೆ ಮಡಿಸಿಟ್ಟರು. "ಕಟ್ಟು ಹಂಗಾದ್ರ" ಎಂದರು.

ಅಕ್ಕ, ಮೂವತ್ತು ವರ್ಷ ಆ ಕತ್ತಲೆ ಕೋಣೆಯಲ್ಲಿ, ಅಂಗೈ ಅಗಲದ ಬೆಳಕಿಂಡಿಯ ಕೆಳಗೆ, ತೊಗರಿಕಟ್ಟಿಗೆ ಊದುತ್ತ ಕುಳಿತ ಹೆಂಗಸಿನ ಕಣ್ಣು ಏನಾಗಬೇಕು? ಅವ್ವ ಈಗ ಅಕ್ಕಿಯೊಳಗಿನ ಹರಳನ್ನು ಬೆರಳಿನಿಂದ ಸವರಿ ಹುಡುಕುತ್ತಾಳೆ. ನಾವು ಸ್ವಾತಂತ್ರ್ಯ ಸಿಕ್ಕಿತೆಂದು ಕುಣಿದೆವು. ಅದು ಅಡುಗೆಮನೆಯ ಹೊಸ್ತಿಲಿನವರೆಗೆ ಬಂದು ನಿಂತಿದೆ. ಒಳಗೆ ಹೋಗಿಲ್ಲ.

ನಿಂತು ಅಡುಗೆ ಮಾಡುವ ಕಟ್ಟೆ ಕಟ್ಟಿಸೋಣವೆಂದೆ. "ನಿಂತು ಅಡಗಿ ಮಾಡಲಿಕ್ಕೆ ನಾ ಏನು ಠಾಣೆದಾಗಿನ ಜವಾನ ಏನೋ?" ಎಂದು ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳು ನಕ್ಕು ಎಷ್ಟು ದಿನವಾಗಿತ್ತು ಅಂತೀ.

ಇನ್ನೊಂದು ಮಾತು. ನೀನು ಲಿಂಗಾಯತರ ಕಲ್ಯಾಣಪ್ಪನವರನ್ನು ಲಗ್ನವಾಗಿ ಹೋದ ದಿನ ಅಪ್ಪ ಹಾಕಿದ ಕಟ್ಟಳೆ ಇನ್ನೂ ಇದೆ: ಹೊರಗಿನ ಕಟ್ಟೆಯ ತನಕ ಬರಲಿ, ಹೊಸ್ತಿಲು ದಾಟಬಾರದು. ಹೊಸ ಅಡುಗೆಮನೆಗೆ ಹೊಸ ಹೊಸ್ತಿಲು ಬರುತ್ತದೆ. ಅದನ್ನು ಮೊದಲು ದಾಟುವವಳು ನೀನಾಗಬೇಕು. ಇದು ನನ್ನ ಪ್ರತಿಜ್ಞೆ ಎಂದು ತಿಳಿ.

ನಿನ್ನ ತಮ್ಮ,
ನರಸಿಂಹ


ವಾಡಿ
೧೪–೨–೧೯೫೪

ನರಸೂ,

ನಿನ್ನ ಕಾಗದವನ್ನು ನಮ್ಮವರಿಗೆ, ನಿಮ್ಮ ಮಾವನಿಗೆ, ಓದಿ ಹೇಳಿದೆ. ಪಾರ್ಸಲ್ ಆಫೀಸಿನಿಂದ ಆಗಷ್ಟೇ ಬಂದಿದ್ದರು. "ನಿನ್ನ ತಮ್ಮ ಒಲೀನೂ ಬಿಡವಲ್ಲ, ಅದಕ್ಕೂ ಸ್ವಾತಂತ್ರ್ಯ ಕೊಡಸಾಕತ್ತಾನ" ಎಂದು ನಕ್ಕರು. ನಿನ್ನ ಮೇಲೆ ಅವರಿಗೆ ಭಾಳ ಪ್ರೀತಿ. ನಮ್ಮ ಲಗ್ನಕ್ಕೆ ನನ್ನ ಕಡೆಯಿಂದ ನಿಂತವನು ನೀನೊಬ್ಬನೇ ಎಂಬುದನ್ನು ಅವರು ಯಾರ ಮುಂದೆಯೂ ಹೇಳದೆ ಬಿಡುವುದಿಲ್ಲ.

ನಾನೂ ಒಂದು ಸುದ್ದಿ ಹೇಳಬೇಕು. ನನಗೆ ನಾಲ್ಕು ತಿಂಗಳು. ಆಷಾಢದ ಹೊತ್ತಿಗೆ ಆಗಬಹುದೆಂದು ಇಲ್ಲಿನ ಸೂಲಗಿತ್ತಿ ಹೇಳಿದ್ದಾಳೆ.

ರಾವೂರಿನಿಂದ ನಮ್ಮತ್ತೆ ಸೂಗಮ್ಮನವರು ಬಂದು ಇರುತ್ತಾರೆ. ಒಳ್ಳೆಯವರು, ಇಲ್ಲಿಯ ತನಕ ಒಂದು ಬಿರುಸು ಮಾತಾಡಿಲ್ಲ. ಆದರೂ ಬರೆಯಲು ನಾಚಿಕೆಯಾಗುತ್ತದೆ ನರಸೂ, ಹೊಸ್ತಿಲು, ಸಮಾನತೆ ಎಂದು ನೀನು ದೊಡ್ಡ ಮಾತು ಬರೆಯುತ್ತೀ, ನನಗೆ ಅಷ್ಟೆಲ್ಲ ಬೇಡ. ಚೊಚ್ಚಲ ಬಾಣಂತನ ಅವ್ವನ ಹತ್ತಿರ ಆಗಬೇಕು. ಅವಳು ನನಗೆ ನೀರು ಎರೆಯಬೇಕು, ಕೂಸಿಗೆ ಎಣ್ಣೆ ತಿಕ್ಕಬೇಕು. ಎಲ್ಲ ಹುಡುಗಿಯರಿಗೂ ಆಗುವುದು ನನಗೂ ಆಗಲಿ ಎಂಬುದಷ್ಟೇ.

ಈ ಮಾತನ್ನು ಯಾರ ಮುಂದೆಯೂ ಎತ್ತಬೇಡ. ಅವ್ವನಿಗೆ ನಾನು ಬಸುರಿ ಎಂಬುದನ್ನು ಮಾತ್ರ ಹೇಳು. ಏನೂ ಕೇಳಬೇಡ.

ಲೀಲಾ


ಸೇಡಂ
೩–೩–೧೯೫೪

ಅಕ್ಕ,

ಅಡುಗೆಮನೆ ಈಗ ಆಕಾಶಕ್ಕೆ ತೆರೆದಿದೆ! ಮಾಳಿಗೆಯ ಮೇಲಿನ ಮಣ್ಣು ಇಳಿಸಿದ ದಿನ ಮನೆಯವರೆಲ್ಲ ಕರಿಬೂದಿಯಲ್ಲಿ ಮಿಂದೆವು. ಗೋಡೆಯ ಮಸಿ ಬೆರಳುದಪ್ಪ ಕೂತಿತ್ತು. ಅವ್ವ ಕೆಡವಿದ ಒಲೆಯ ಮುಂದೆ ನಿಂತು, "ಇಷ್ಟ ಸಣ್ಣದಿತ್ತೇನಪಾ ಇದು?" ಎಂದಳು.

ಗೋಡೆ ಕೆಲಸಕ್ಕೆ ಶಹಾಬಾದಿನಿಂದ ಮಜೀದಸಾಬ ಬಂದಿದ್ದಾನೆ. ನೆಲಕ್ಕೆ ಫರ್ಸಿ ಕಲ್ಲು ಹಾಸುವುದರಲ್ಲಿ ಹೆಸರು ಮಾಡಿದವನು. ಮಾತಿಗೂ ಕಡಿಮೆಯಿಲ್ಲ. ಕರಪತ್ರದ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಮನ್ಯಾಗಿನ ಹೊಗಿ ಹೊರಗ ಹಾಕತದ, ಅದು ಖರೆ. ಮಗ್ಗಲಮನಿಯವರು ಬಡಿಗಿ ತಗೊಂಡು ಬಂದ್ರ ನನ್ನ ಹೆಸರು ಹೇಳಬ್ಯಾಡ್ರಿ ಮಾಲಕ" ಎಂದ. ಅವನು ಚಪ್ಪಲಿ ಮೆಟ್ಟಿಕೊಂಡೇ ಅಡುಗೆಮನೆಯ ನಡುವೆ ಓಡಾಡುತ್ತಾನೆ. ಯಾರೂ ಏನೂ ಅನ್ನುವುದಿಲ್ಲ. ನೀನು ಹುಟ್ಟಿ ಬೆಳೆದ ಅಡುಗೆಮನೆಯಲ್ಲಿ ನಿನಗಿಲ್ಲದ ಹಕ್ಕು, ಅದು ಒಡೆದು ಬಿದ್ದಿರುವ ತನಕ, ಊರಿಗೆಲ್ಲ ಇದೆ. ಇಂಥ ಧರ್ಮಕ್ಕೆ ಏನೆನ್ನೋಣ?

ಆದರೆ ಕೇಳು, ಇದರಿಂದ ಒಂದು ಒಳ್ಳೆಯದೂ ಆಗಿದೆ. ಧೂಳಿನಲ್ಲಿ ದೇವರು ಬೇಡವೆಂದು ಅಪ್ಪ ಸಾಲಿಗ್ರಾಮದ ಪೆಟ್ಟಿಗೆಯನ್ನು ಓಣಿಯ ತುದಿಯ ಆಚಾರ್ಯರ ಮನೆಗೆ ಒಯ್ದಿಟ್ಟಿದ್ದಾರೆ. ದೇವರಿಗೆ ನೈವೇದ್ಯವಾಗದ ಅನ್ನವನ್ನು ಅವರು ಉಣ್ಣುವುದಿಲ್ಲವಲ್ಲ, ಪೂಜೆಯೂ ಊಟವೂ ಅಲ್ಲೇ. ಮುಂಜಾನೆ ಹೋದವರು ಬಿಸಿಲು ಇಳಿದ ಮೇಲೆ ಬರುತ್ತಾರೆ. ಅವ್ವ ಹಿತ್ತಲಿನ ಬೇವಿನ ಗಿಡದ ಕೆಳಗೆ ಮೂರು ಕಲ್ಲಿಟ್ಟು ಅಡುಗೆ ಮಾಡುತ್ತಾಳೆ. ಮಡಿಸೀರೆಯನ್ನು ಗಳದ ಮೇಲಿಂದ ತೆಗೆದೇ ಇಲ್ಲ. ಕೇಳಿದರೆ, "ದೇವರೇ ಮನ್ಯಾಗಿಲ್ಲ. ಮಡಿ ಯಾರ ಸಲುವಾಗಿ?" ಎನ್ನುತ್ತಾಳೆ.

ನೀನು ಹೇಳಿದಂತೆ ನಿನ್ನ ಸುದ್ದಿಯನ್ನಷ್ಟೇ ಹೇಳಿದೆ. ಭಕ್ಕರಿ ಬಡಿಯುತ್ತಿದ್ದಳು. ಕೈ ನಿಲ್ಲಲಿಲ್ಲ. ಭಕ್ಕರಿಯನ್ನು ಹಂಚಿಗೆ ಹಾಕಿ, "ಈ ಸಲ ಹುಣಸಿಹಣ್ಣು ರಾಶಿ ಬಂದಾವ. ಬೀಜ ತೆಗೀಲಿಕ್ಕೆ ಯಾರೂ ಇಲ್ಲ ಅಂತ ಲೀಲಾಗ ಬರಿ" ಎಂದಳು. ನಾನೇ ಬೀಜ ತೆಗೆದುಕೊಡುತ್ತೇನೆ ಎಂದರೆ, "ನೀ ಸುಮ್ಮನಿರು" ಎಂದಳು.

ಹಿತ್ತಲಿಗೆ ಓಣಿಯಿಂದ ದಾರಿಯಿದೆ. ಹೊಸ್ತಿಲಿಲ್ಲ. ಮುಂಜಾನೆಯ ಗಾಡಿಗೆ ಬಾ.

ನರಸಿಂಹ


ವಾಡಿ
೧೨–೩–೧೯೫೪

ನರಸೂ,

ನಿನ್ನೆ ಮಧ್ಯಾಹ್ನದ ಗಾಡಿಗೆ ನೀನು ನನ್ನನ್ನು ಹತ್ತಿಸಿ ಹೋದ ಮೇಲೆ ಚಿತ್ತಾಪುರ ಬರುವ ತನಕ ನಾನು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದೆ. ಎದುರಿನ ಹೆಂಗಸು, "ತವರಮನ್ಯಾಗ ಯಾರದರ ತೀರಿಕೊಂಡಾರೇನವ್ವಾ?" ಎಂದು ಕೇಳಿದಳು. ಇಲ್ಲವೆಂದೆ.

ನೀನು ವಾಚನಾಲಯದ ಕೆಲಸಕ್ಕೆಂದು ಹೋದಾಗ ನಡೆದದ್ದನ್ನು ಬರೆಯುತ್ತೇನೆ. ಏನೂ ನಡೆಯಲಿಲ್ಲ. ಹುಣಸೆಯ ಬೀಜ ತೆಗೆದೆವು. ಲಗ್ನವಾದ ಮೇಲಿನ ಮೂರು ವರ್ಷದ ಮಾತು ಒಂದೂ ಬರಲಿಲ್ಲ. ಪಕ್ಕದ ಮನೆಯ ಎಮ್ಮೆ ಈದದ್ದು, ಕಾಕಾನ ಮಂಡಿನೋವು, ಅಷ್ಟೇ. ಒಲೆ ಆರುತ್ತಿತ್ತೆಂದು ನಾನು ಬಗ್ಗಿ ಊದಿದೆ. ಕೊರಳಿನ ಲಿಂಗದ ಕರಡಿಗೆ ಮುಂದಕ್ಕೆ ಜೋತು ಬಿತ್ತು. ಲಗ್ನದ ದಿನ ಅಯ್ಯನವರು ಲಿಂಗಧಾರಣೆ ಮಾಡಿ ಕಟ್ಟಿದ್ದು. ಅದನ್ನು ಅವ್ವ ಇನ್ನೂ ಕಂಡಿರಲಿಲ್ಲ. ಅವಳು ನೋಡಿದಳು. "ಸೆರಗಿನೊಳಗ ಹಾಕ್ಕೋ. ಬೆಳ್ಳಿ ಕಾಯತದ, ಎದಿ ಸುಡತದ" ಎಂದಳು.

ಊಟಕ್ಕೆ ಪುಂಡಿಪಲ್ಯ ಮಾಡಿದ್ದಳು. ಭಕ್ಕರಿಯನ್ನು ನನ್ನನ್ನು ಮುಟ್ಟದೆ ಮೇಲಿನಿಂದ ಎಲೆಗೆ ಬಿಡುತ್ತಾಳೆಂದು ನಾನು ಎಲೆ ಸರಿಸಿದೆ. ನನ್ನ ಕೈಯಲ್ಲೇ ಇಟ್ಟಳು. ಮತ್ತೆ "ಯಾವ ಮಗ್ಗಲಿಗೆ ಮಲಗತಿ?" ಎಂದು ಕೇಳಿದಳು. ಎಡಕ್ಕೆ ಎಂದೆ. "ಹ್ಞಾ" ಎಂದಳು.

ಹೊರಡುವಾಗ, ಬರುವ ಗುರುವಾರ ಶೇಂಗಾ ಹುರಿಯುವುದಿದೆ ಎಂದಳು. ಇನ್ನೂ ಏನೇನು ಹುರಿಯುವುದು, ಕುಟ್ಟುವುದು ಇದೆಯೋ! ಗೋಡೆ ಏಳುವುದು ತಡವಾಗಲೆಂದು ಮಜೀದಸಾಬನಿಗೆ ಲಂಚ ಕೊಡಬೇಕೆನಿಸುತ್ತದೆ.

ಲೀಲಾ


ಸೇಡಂ
೧೮–೪–೧೯೫೪

ಅಕ್ಕ,

ಕಳೆದ ಎರಡು ಗುರುವಾರ ನೀನು ಬರಲಿಲ್ಲ. ಕಾಲು ಬಾತಿವೆ, ಗಾಡಿ ಹತ್ತುವುದು ಬೇಡವೆಂದು ಸೂಲಗಿತ್ತಿ ಹೇಳಿದಳೆಂದು ಮಾವ ಕಾರ್ಡು ಹಾಕಿದ್ದರು. ಹುಷಾರಾಗಿರು.

ಇಲ್ಲಿ ನಾನೊಂದು ಯುದ್ಧ ಗೆದ್ದಿದ್ದೇನೆ. ಅದನ್ನು ನಿನಗೆ ಬರೆಯದೆ ಯಾರಿಗೆ ಬರೆಯಲಿ?

ಹೊಸ ಅಡುಗೆಮನೆಯ ಗೋಡೆ ಮುಗಿದು ಮಾಳಿಗೆ ಕೆಲಸ ನಡೆದಿದೆ. ಪೂರ್ವಕ್ಕೆ ಕಿಟಕಿ ಬಂತು. ನೆಲಕ್ಕೆ ಫರ್ಸಿ ಬಂತು. ಇಷ್ಟರಲ್ಲಿ ಅವ್ವ ನನಗೆ ತಿಳಿಸದೆ ಮಜೀದಸಾಬನಿಗೆ ಹೇಳಿ ಅಡುಗೆಮನೆಯ ಬೆನ್ನಿಗೆ ಹಿತ್ತಲ ಕಡೆ ಇನ್ನೊಂದು ಸಣ್ಣ ಕೋಣೆ ಎಬ್ಬಿಸುತ್ತಿದ್ದಳು. ನಾನು ನೋಡುವ ಹೊತ್ತಿಗೆ ಗೋಡೆ ಮೊಣಕಾಲಿಗೆ ಬಂದಿತ್ತು. ಅಡುಗೆಮನೆಗೆ ಅದರಿಂದ ಬಾಗಿಲಿಲ್ಲ. ಬಾಗಿಲು ಹಿತ್ತಲಿಗೆ. ಒಳಗೆ ಬೇರೆ ಒಲೆ, ನೀರು ಹೋಗಲು ಮೋರಿ. ಏನಿದು ಎಂದು ಕೇಳಿದೆ. ಬಚ್ಚಲಿಗೆ ನೀರು ಕಾಸಲಿಕ್ಕೆ ಎಂದಳು. ಬಚ್ಚಲಲ್ಲಿ ಹಂಡೆ ಇರುವಾಗ ಇದೇಕೆ?

ನನಗೆ ತಕ್ಷಣ ತಿಳಿಯಿತು. ತಿಂಗಳಿಗೆ ಮೂರು ದಿನ ಹೆಂಗಸರನ್ನು ಹೊರಗೆ ಕೂರಿಸುವ ಕೋಣೆ ಇದು. ಹೊರಗಿನ ಬಾಗಿಲು, ಬೇರೆ ಒಲೆ, ಯಾರ ನೆರಳೂ ಯಾರ ಮೇಲೂ ಬೀಳಬಾರದು! ನಾಳೆ ನನಗೆ ಲಗ್ನವಾಗಿ ಹೆಂಡತಿ ಬರುತ್ತಾಳಲ್ಲ, ಅವಳ ಸಲುವಾಗಿ ಇಂದೇ ಕಟ್ಟುತ್ತಿರುವ ಸೆರೆಮನೆ. ಹೊಗೆಯನ್ನು ಹೊರಗೆ ಕಳಿಸಲು ನಾನು ಕೊಳವೆ ಇಡಿಸಿದರೆ ಅದೇ ಮನೆಯ ಬೆನ್ನಿಗೆ ಮೈಲಿಗೆಯ ಗೂಡು! ಇಂಥ ಕೋಣೆಗಳ ಬಗ್ಗೆ ನಾನು ಓದಿದ್ದು ಒಂದೆರಡು ಪುಟವಲ್ಲ. ರಕ್ತ ಕುದಿಯಿತು.

ಅವ್ವನ ಮೇಲೆ ಕೂಗಾಡಲಿಲ್ಲ. ಅವಳದೇನು ತಪ್ಪು? ಸರಪಳಿಯನ್ನೇ ಸೊಂಟದ ಡಾಬು ಎಂದು ಕಟ್ಟಿಕೊಂಡವಳು. ನೆಟ್ಟಗೆ ಆಚಾರ್ಯರ ಮನೆಗೆ ಹೋಗಿ, ನಾಲ್ಕು ಜನರ ಮುಂದೆ ಅಪ್ಪನನ್ನು ಕೇಳಿದೆ: "ಆ ಹಿತ್ತಲ ಕೋಣಿ ಯಾಕ ಬೇಕು ಹೇಳ್ರಿ. ಆ ಕೋಣಿ ಆ ಮನ್ಯಾಗ ಇದ್ದರ ನಾ ಇರೂದಿಲ್ಲ."

ಅಪ್ಪ ನನ್ನ ಕಡೆ ತಿರುಗಿ ಕುಳಿತರು. "ಬ್ಯಾಡಂತಿಯಾ?" ಎಂದರು.

"ಬ್ಯಾಡ."

"ಬರೋಬ್ಬರಿ ವಿಚಾರ ಮಾಡಿಯಾ, ನರಸಿಂಹ?"

"ಮಾಡೀನಿ."

"ಹಂಗಾದ್ರ ಕೆಡವಸು."

ಅಷ್ಟು ಸುಲಭಕ್ಕೆ ಒಪ್ಪುವರೆಂದು ನಾನೂ ಎಣಿಸಿರಲಿಲ್ಲ. ಮಜೀದಸಾಬ ಹಾರೆ ಹಿಡಿದು ನಿಂತು, "ಅವ್ವಾರಿಗೆ ಒಂದ ಮಾತು ಕೇಳ್ರಿ ಮಾಲಕ" ಎಂದ. ಅವ್ವ ಬೇವಿನ ಕೆಳಗೆ ಹಿಟ್ಟು ನಾದುತ್ತಿದ್ದಳು. ಕೇಳಿಸಲಿಲ್ಲವೋ ಏನೋ, ತಲೆ ಎತ್ತಲಿಲ್ಲ. ನಾನೇ ಮೊದಲನೆಯ ಕಲ್ಲು ಕಿತ್ತೆ. ಆ ಕಲ್ಲುಗಳಲ್ಲೇ ಅಡುಗೆಮನೆಯ ಕಟ್ಟೆ ಕಟ್ಟಿಸಿದೆ.

ಅಂದು ಎಂದೂ ಇಲ್ಲದೆ ಭಕ್ಕರಿ ಸೀದಿತ್ತು.

ಇನ್ನು ನಿನ್ನ ವಿಷಯ. ನೀನು ಬಾಣಂತನಕ್ಕೆ ಬರುವುದು ಮುಂಬಾಗಿಲಿನಿಂದ, ಹಾಡುಹಗಲು. ನಿನ್ನ ಹಾಸಿಗೆ ನಡುಮನೆಯಲ್ಲಿ. ಗೃಹಪ್ರವೇಶದ ದಿನ ಇದನ್ನು ಎಲ್ಲರ ಮುಂದೆ ಎತ್ತುತ್ತೇನೆ.

ನಿನ್ನ
ನರಸಿಂಹ


ವಾಡಿ
೨೨–೪–೧೯೫೪

ನರಸೂ,

ಆ ಕೋಣೆ ನನ್ನದು.

ಈ ಸಾಲು ಬರೆದು ಸಾಕು ಮಾಡೋಣವೆಂದಿದ್ದೆ. ಆದರೆ ನೀನು ಇದನ್ನೂ ಬೇರೆ ರೀತಿ ತಿಳಿಯಬಾರದೆಂದು ಪೂರ್ತಿ ಬರೆಯುತ್ತೇನೆ.

ನಾನು ಮೂರನೆಯ ಸಲ ಬಂದಾಗ ಮಜೀದಸಾಬ ಹಿತ್ತಲಲ್ಲಿ ನೆಲದ ಮೇಲೆ ಸುಣ್ಣದ ಗೆರೆ ಹಾಕಿದ್ದ. ಅವ್ವ ನನ್ನನ್ನು ಕೈಹಿಡಿದು ಕರೆದುಕೊಂಡು ಹೋಗಿ, "ಇಲ್ಲಿ ಮಲಕೋ" ಎಂದಳು. ಮಣ್ಣಿನಲ್ಲಿ ಚಾಪೆ ಹಾಸಿದಳು. ಆ ಗೆರೆಯೊಳಗೆ ನಾನು ಎಡಮಗ್ಗಲಿಗೆ ಮಲಗಿದೆ. ಮಜೀದಸಾಬ ಗೋಡೆಯ ಆಚೆ ಹೋಗಿ ನಮಗೆ ಬೆನ್ನು ಮಾಡಿ ಬೀಡಿ ಹಚ್ಚಿದ. ನನ್ನ ಕಾಲಿನಿಂದ ಗೆರೆಯ ತನಕ ಅವ್ವ ಗೇಣು ಹಾಕಿದಳು. "ಇಲ್ಲಿ ಹೊರಸು. ಕೆಳಗ ಕೆಂಡದ ಶೇಕ. ಆ ಮೂಲಿಗೆ ಒಲಿ. ತೊಟ್ಟಿಲ ಇಲ್ಲಿ, ಗಾಳಿ ಬಡಿಯೂದಿಲ್ಲ" ಎಂದಳು. ಆಮೇಲೆ, "ಬಾಗಿಲಾ ಹಿತ್ತಲಿಗೆ ಇಡಸೀನಿ. ನೀ ಯಾವ ಹೊಸ್ತಿಲನೂ ದಾಟೂದಿಲ್ಲ. ಅವರು ಏನೂ ಅನಬೇಕಾಗಿಲ್ಲ" ಎಂದಳು. ಗೋಡೆಯ ಆಚೆಯಿದ್ದ ಮಜೀದಸಾಬನಿಗೆ, "ಭಾಯಿ, ಗೆರಿ ಇನ್ನ ಒಂದ ಮೊಳ ಸರಸ್ರಿ, ಕೂಸಿಗೆ ಎರಿಯೂ ಕಲ್ಲಿಗೆ ಜಾಗಾ ಬೇಕು" ಎಂದು ಕೂಗಿ ಹೇಳಿದಳು. ದೇವರು ತಿರುಗಿ ಬಂದ ಮೇಲೂ ಅಡುಗೆಮನೆಯ ಮಡಿ ಅಡುಗೆಮನೆಯಲ್ಲಿರುತ್ತಿತ್ತು. ನಾನು ಅದರ ಗೋಡೆಗೆ ಬೆನ್ನು ಹಚ್ಚಿ ಮಲಗುತ್ತಿದ್ದೆ. ಅವಳು ಮಡಿ ಬಿಟ್ಟು ಬಂದು ನನಗೆ ಎರೆಯುತ್ತಿದ್ದಳು. ಎಲ್ಲವನ್ನೂ ವಿಚಾರ ಮಾಡಿಟ್ಟಿದ್ದಳು.

ನಿನಗೆ ಹೇಳೋಣವೆಂದು ನಾನೇ ಎಂದೆ. "ನರಸೂಗ ಬ್ಯಾಡ. ಅವಗ ಹೇಳಿದ್ರ ಭಾಷಣ ಮಾಡತಾನ" ಎಂದಳು. ಇಬ್ಬರೂ ನಕ್ಕೆವು. ಮಣ್ಣಿನಲ್ಲಿ ಮಲಗಿಕೊಂಡು ನಾನು ಹೊಟ್ಟೆ ಹಿಡಿದು ನಕ್ಕೆ.

ನೀನು ಓದಿದ್ದೆಲ್ಲ ಸುಳ್ಳೆಂದು ನಾನು ಹೇಳುವುದಿಲ್ಲ. ಅಂಥ ಕೋಣೆಯಲ್ಲಿ ನಾನೂ ಕುಳಿತವಳು. ಆದರೆ ಅವ್ವನನ್ನು ಒಂದು ಮಾತು ಕೇಳಬಹುದಿತ್ತು.

ಲೀಲಾ


ಸೇಡಂ
೯–೫–೧೯೫೪

ಅಕ್ಕ,

ಇದು ನಾನು ನಿನಗೆ ಬರೆಯುತ್ತಿರುವ ನಾಲ್ಕನೆಯ ಕಾಗದ. ಮೊದಲಿನ ಮೂರನ್ನು ಹರಿದೆ. ಅವುಗಳಲ್ಲಿ ಕ್ಷಮೆಗಿಂತ ವಾದವೇ ಹೆಚ್ಚಿತ್ತು.

ನಿನ್ನ ಕಾಗದ ಬಂದ ದಿನವೇ ಮಜೀದಸಾಬನ ಹತ್ತಿರ ಓಡಿದೆ. ಮಾಳಿಗೆಯ ಮೇಲಿದ್ದ. ಕೋಣೆ ಮತ್ತೆ ಎಬ್ಬಿಸು, ನಾನೇ ಕಲ್ಲು ಹೊರುತ್ತೇನೆ ಎಂದೆ. "ನನ್ನದೇನದರಿ. ಆದ್ರ ದೊಡ್ಡ ಮಾಲಕರು ಕೆಡವು ಅಂದದ್ದು ನಾಕ ಮಂದಿ ಕೇಳ್ಯಾರ. ಕಟ್ಟು ಅಂತನೂ ಅವರೇ ಹೇಳಬೇಕು" ಎಂದ.

ಅವ್ವನ ಹತ್ತಿರ ಹೋಗಿ ಕಾಲು ಹಿಡಿದೆ. "ಆ ಕೋಣಿ ತಿರುಗಿ ಕಟ್ಟಸೋಣ, ಅವ್ವಾ" ಎಂದೆ.

"ಯಾವ ಕೋಣಿ?" ಎಂದಳು.

"ಅಕ್ಕನ ಕೋಣಿ."

"ಅಲ್ಲಿ ಯಾವ ಕೋಣೀನೂ ಇದ್ದಿದ್ದಿಲ್ಲ. ಏಳು, ಕೈ ಕಾಲು ತೊಳಕೋ" ಎಂದಳು. ಸಿಟ್ಟಿನಿಂದ ಹೇಳಿದ್ದರೆ ನಾನು ತಾಳಿಕೊಳ್ಳುತ್ತಿದ್ದೆ.

ಉಳಿದದ್ದು ಅಪ್ಪ. ಕಟ್ಟೆಯ ಮೇಲೆ ಒಬ್ಬರೇ ಇದ್ದಾಗ ಕೇಳಿದೆ. "ನಿಮಗೆ ಗೊತ್ತಿತ್ತೇನು, ಆ ಕೋಣಿ ಯಾರಿಗಂತ?"

ಅವರು ಕನ್ನಡಕ ತೆಗೆದು ಧೋತರದ ತುದಿಯಿಂದ ಒರೆಸಿದರು. "ನನ್ನ ಮನಿ ಹಿತ್ತಲದಾಗ ಗ್ವಾಡಿ ಏಳತದ, ನನಗ ಗೊತ್ತಿರೂದಿಲ್ಲೇನು? ಗುರುವಾರ ಗುರುವಾರ ನಾ ಆಚಾರ್ಯರ ಮನ್ಯಾಗ ಹೊತ್ತು ಮುಳುಗೂ ತನಕ ಯಾಕ ಕುಂದರತಿದ್ದೆ? ಅವರ ಪುರಾಣ ಕೇಳಲಿಕ್ಕೇನು?"

ನಾನು ಅವರ ಕಾಲ ಬಳಿ ಮೆಟ್ಟಿಲ ಮೇಲೆ ಕುಳಿತೆ.

"ನಾ ತಹಶೀಲ ಕಚೇರಿದಾಗ ಕೂದಲ ಬೆಳ್ಳಗ ಮಾಡಿಕೊಂಡಾಂವ. ಮೇಜಿನ ಮ್ಯಾಲೆ ಬಾರದ ಅರ್ಜಿಗೆ ಹುಕುಂ ಬರಿಯೋದಿಲ್ಲ. ನಿಮ್ಮವ್ವ ನನ್ನ ಕೇಳಲಿಲ್ಲ. ನಾನೂ ಕೇಳಲಿಲ್ಲ. ನೀ ತಂದು ನಾಕ ಮಂದಿ ಮುಂದ ಮೇಜಿನ ಮ್ಯಾಲೆ ಇಟ್ಟಿ. 'ಯಾಕ ಬೇಕು ಹೇಳ್ರಿ' ಅಂದಿ. ಏನ ಹೇಳಲಿ ನಾ?"

"ಈಗ ಹ್ಞೂ ಅನ್ರಿ, ಅಪ್ಪಾ."

"ಈಗ ಹ್ಞೂ ಅಂದ್ರ ಯಾರಿಗಂತ ಹೇಳಬೇಕಾಗತದ."

"ಹೇಳ್ರಿ. ಮಗಳಿಗೆ ಅಂತ ಹೇಳ್ರಿ."

ಅವರು ಎದ್ದು ಸ್ನಾನಕ್ಕೆ ಹೋದರು. ಅಕ್ಕ, ಆ ಮನುಷ್ಯನನ್ನು ನಾನು ಇಂದಿಗೂ ಒಪ್ಪುವುದಿಲ್ಲ. ಮಗಳು ಎಂಬ ಮಾತನ್ನು ಬಾಯಿಬಿಟ್ಟು ಆಡಲಾರದ ಪ್ರೀತಿ ಎಂಥ ಪ್ರೀತಿ? ಆದರೆ ಅದರಲ್ಲೇ ಅವ್ವ ಒಂದು ಬಾಗಿಲು ಇಡಿಸಿದ್ದಳು. ಅದನ್ನು ಕಿತ್ತವನು ಅವರಲ್ಲ.

ಅಕ್ಷಯ ತದಿಗೆಯ ದಿನ ದೇವರು ತಿರುಗಿ ಬಂದರು. ಪುಣ್ಯಾಹವಾಯಿತು. ಮಜೀದಸಾಬ ಹಾಸಿದ ಫರ್ಸಿಯನ್ನು ಸಗಣಿ ನೀರು ಹಾಕಿ ತೊಳೆದರು. ಅವನು ತನ್ನ ಬುಟ್ಟಿ ಕಟ್ಟಿಕೊಂಡು ಕಟ್ಟೆಯ ಮೇಲೆ ಕುಳಿತು ಅದನ್ನು ನೋಡಿದ. ಹೋಗುವಾಗ ಅವ್ವನಿಗೆ, "ತಂಗೆವ್ವಗ ಸುಖ ಆಗಲಿ ಅಂತ ದುವಾ ಮಾಡತೀನ್ರಿ" ಎಂದ. ಅವ್ವ ತಲೆ ಆಡಿಸಿದಳು. ಗೃಹಪ್ರವೇಶದ ಊಟಕ್ಕೆ ಊರ ಮಂದಿ ಕುಳಿತಾಗ ನಾನು ಎದ್ದು ಮಾತನಾಡಬೇಕೆಂದಿದ್ದೆನಲ್ಲ, ಆಡಲಿಲ್ಲ. ಅವ್ವ ಬಡಿಸುತ್ತ ನನ್ನ ಎಲೆಯ ಮುಂದೆ ಬಂದಾಗ, ಎಲೆಯಲ್ಲಿದ್ದದ್ದು ಮುಗಿಯುವ ಮೊದಲೇ ಮತ್ತೆ ಅನ್ನ ಬಡಿಸಿದಳು. ನಾನು ಎಲ್ಲಿ ಬಾಯಿ ತೆರೆಯುತ್ತೇನೋ ಎಂಬ ಭಯ ಅದು.

ಒಲೆ ಚೆನ್ನಾಗಿ ಉರಿಯುತ್ತದೆ. ಹೊಗೆ ಇಲ್ಲ.

ನೀನು ಹ್ಞೂ ಎಂದರೆ ನಾಳೆಯೇ ಬಂದು ಕರೆದುಕೊಂಡು ಬರುತ್ತೇನೆ. ಮುಂಬಾಗಿಲಿನಿಂದ ಕೈಹಿಡಿದು ಒಳಗೆ ಕರೆದೊಯ್ಯುತ್ತೇನೆ. ಯಾರು ತಡೆಯುತ್ತಾರೋ ನೋಡೋಣ. ಒಂದು ಸಾಲು ಬರಿ.

ನರಸಿಂಹ


ಸೇಡಂ
೧೧–೭–೧೯೫೪

ಲೀಲಾಗ ಅವ್ವನ ಆಶೀರ್ವಾದ.

ಕಲ್ಯಾಣಪ್ಪನವರ ಕಾರ್ಡು ಬಂತು. ಹೆಣ್ಣು ಕೂಸು ಅಂತ ನರಸು ಓದಿ ಹೇಳಿದ. ಕಾರ್ಡಿನಾಗ ಬಣ್ಣ ಬರದಿಲ್ಲ, ಮೂಗು ಬರದಿಲ್ಲ. ಗಂಡಸರಿಗೆ ತಿಳಿಯೂದಿಲ್ಲ. ನೀ ಬರಿ.

ನಾ ಹೇಳೂದು ಲಕ್ಷ್ಯಗೊಟ್ಟು ಕೇಳು. ಹಸಿಮೈ, ತಣ್ಣೀರಾಗ ಕೈ ಇಡಬ್ಯಾಡ. ಹೊರಸಿನ ಕೆಳಗ ಕೆಂಡ ಇಟ್ಟಾಗ ಬಾಗಿಲ ಪೂರಾ ಹಾಕಬ್ಯಾಡ, ಉಸರ ಕಟ್ಟತದ. ಹೊಟ್ಟಿಗೆ ಹಳೇ ಧೋತರದ ಪಟ್ಟಿ ಬಿಗಿ. ಅಂಟಿನ ಉಂಡಿ ಮಾಡಿ ಕಳಸೀನಿ, ಗಾಡಿ ಮ್ಯಾಲಿನ ಗಾರ್ಡನ ಕೈಯಾಗ. ಅವು ಹೊರಗಿನ ಮೂರು ಕಲ್ಲಿನ ಮ್ಯಾಲೆ ಮಾಡಿದ್ದು, ದೇವರಿಗೆ ತೋರಿಸಿದ್ದಲ್ಲ. ಸೂಗಮ್ಮನವರಿಗೂ ಕೊಡು. ಬಳ್ಳೊಳ್ಳಿ ನಮ್ಮಲ್ಲಿ ತಿನ್ನೂದಿಲ್ಲ. ನೀ ತಿನ್ನು. ತುಪ್ಪದಾಗ ಹುರದು ತಿನ್ನು, ಹಾಲು ಬರತಾವ.

ಕೂಸಿನ ನೆತ್ತಿಗೆ ಎಣ್ಣಿ ಒತ್ತಬೇಕು, ತಿಕ್ಕಬಾರದು. ಎರದ ಮ್ಯಾಲೆ ಲೋಬಾನದ ಹೊಗಿ ಹಾಕು, ಜರಾ ಅಷ್ಟ. ಬಜಿ ತೇದು ನಾಲಿಗಿಗೆ ಹಚ್ಚು. ಕುಂಚಗಿ ಹೊಲದೀನಿ, ಅಳತಿ ತಿಳೀಲಿಲ್ಲ, ದೊಡ್ಡದಾದ್ರ ಮಡಚಿ ಹೊಲಿ. 

ಸೂಗಮ್ಮನವರಿಗೆ ನನ್ನ ನಮಸ್ಕಾರ ಹೇಳು. ನಾ ಮಾಡೂ ಕೆಲಸ ಅವರು ಮಾಡಲಿಕತ್ತಾರ. 

ಮಳಿಗಾಲದಾಗ ಕೂಸಿಗೆ ಗ್ವಾಡಿ ಮಗ್ಗಲಿಗೆ ಮಲಗಸಬ್ಯಾಡ, ಥಂಡಿ ಬಡೀತದ. 

ಅಡಗಿಮನಿ ಛಲೋ ಆಗ್ಯದ. 

ಇನ್ನೇನು ಬರೀಲಿ ಅಂತ ನರಸು ಕೇಳತಾನ. ಕೂಸಿಗೆ ಎಡಮಗ್ಗಲದ ಹಾಲು ಮೊದಲ ಕೊಡು.

ಅವ್ವ

(ಅವ್ವ ಹೇಳಿದ್ದನ್ನು ಹೇಳಿದ ಹಾಗೆ ಬರೆದಿದ್ದೇನೆ. ನನ್ನ ಮಾತು ಸೇರಿಸಿಲ್ಲ. — ನರಸಿಂಹ)


ವಾಡಿ
೨೦–೭–೧೯೫೪

ನರಸೂ,

ಈ ಕಾಗದವನ್ನು ಅವ್ವನ ಮುಂದೆ ಒಡೆದಿದ್ದರೆ ಮಡಿಸಿ ಜೇಬಿನಲ್ಲಿಡು. ಏನು ಬರೆದಾಳೆ ಎಂದು ಕೇಳಿದರೆ ಆಮೇಲೆ ಓದುತ್ತೇನೆನ್ನು.

ಕೂಸು ಹೋಯಿತು. ಉಂಡೆಯ ಡಬ್ಬಿಯೂ ಅವ್ವನ ಕಾಗದವೂ ಮರುದಿನ ಬಂದವು.

ಹುಟ್ಟಿದಾಗಿನಿಂದ ಅದಕ್ಕೆ ಬಲ ಇರಲಿಲ್ಲ. ಬಾಯಿ ಹಚ್ಚುತ್ತಿತ್ತು, ಎಳೆಯಲು ಆಗುತ್ತಿರಲಿಲ್ಲ. ನಮ್ಮತ್ತೆ ಹಗಲಿಲ್ಲ, ರಾತ್ರಿಯಿಲ್ಲ, ಬತ್ತಿಯಲ್ಲಿ ಹಾಲು ಅದ್ದಿ ಹನಿ ಹನಿ ಬಿಟ್ಟರು. ರೈಲ್ವೆ ಡಾಕ್ಟರು ಬಂದು ನೋಡಿದರು. ಎಲ್ಲಿದ್ದರೂ ಇದೇ ಆಗುತ್ತಿತ್ತು ಎಂದು ಸೂಲಗಿತ್ತಿ ಹೇಳುತ್ತಾಳೆ. ನಾನು ಅದನ್ನು ನಂಬಬೇಕೆಂದಿದ್ದೇನೆ. ನೀನೂ ನಂಬು. ಆ ಕೋಣೆ ಇದ್ದಿದ್ದರೆ ಎಂದು ಲೆಕ್ಕ ಹಾಕುತ್ತ ಕೂರಬೇಡ, ಅದನ್ನು ನಾನು ಎಷ್ಟೋ ಸಲ ಹಾಕಿ ಆಗಿದೆ. ಇದರ ಮೇಲೆ ಏನನ್ನೂ ಬರೆದು ಎಲ್ಲಿಗೂ ಕಳಿಸಬೇಡ. ನನ್ನ ಮಗಳು ಯಾವ ಮಾತಿಗೂ ಸಾಕ್ಷಿಯಾಗಿ ಹುಟ್ಟಿದವಳಲ್ಲ.

ರಾವೂರಿನ ಹೊಲದಲ್ಲಿ ಮಣ್ಣು ಮಾಡಿದರು. ನನ್ನನ್ನು ಕರೆದೊಯ್ಯಲಿಲ್ಲ, ಹಸಿಮೈ ಎಂದು. ನಿಮ್ಮ ಮಾವ ಬಂದವರು ಬಾಗಿಲ ಹತ್ತಿರವೇ ಕುಳಿತು, ಕೈಯ ಮಣ್ಣನ್ನು ಭಾಳ ಹೊತ್ತು ತೊಳೆದುಕೊಳ್ಳಲಿಲ್ಲ.

ಅವ್ವನ ಕಾಗದವನ್ನು ನಮ್ಮತ್ತೆಗೆ ಓದಿ ಹೇಳಿದೆ. ನೆತ್ತಿಗೆ ಎಣ್ಣೆ ಒತ್ತಬೇಕು, ತಿಕ್ಕಬಾರದು ಎಂಬಲ್ಲಿಗೆ ಬಂದಾಗ ಅವರು, "ಹಂಗ ಮಾಡಿದ್ದೆ ಅಂತ ನಿಮ್ಮವ್ವಗ ಬರಿಯವ್ವಾ" ಎಂದರು. ಉಂಡೆ ತಿನ್ನುತ್ತಿದ್ದೇನೆ. ತಿಂದರೆ ಹಾಲು ಬರುತ್ತದೆ, ಬೇಡ ಎಂದು ಸೂಲಗಿತ್ತಿ ಹೇಳಿದಳು. ಆದರೂ ತಿನ್ನುತ್ತಿದ್ದೇನೆ.

ಒಂದು ಸಾಲು ಬರಿ ಎಂದಿದ್ದಿ, ಬರೆಯಲಿಲ್ಲ. ನಿನ್ನ ಮೇಲೆ ಸಿಟ್ಟಿದೆಯೇ ಎಂದರೆ, ಇದೆ. ಎಂದು ಇಳಿಯುತ್ತದೋ ಗೊತ್ತಿಲ್ಲ. ಮುಂಬಾಗಿಲಿನಿಂದ ಕರೆದೊಯ್ಯಲು ಬರಬೇಡ. ಆದರೆ ಈ ಕೆಲಸಕ್ಕೆ ನನಗೆ ನಿನ್ನನ್ನು ಬಿಟ್ಟರೆ ಯಾರೂ ಇಲ್ಲ.

ಅವ್ವನಿಗೆ ನೀನು ಹೇಳಬೇಕು. ಅಪ್ಪನಿಂದ ಹೇಳಿಸಬೇಡ. ಅವಳ ಊಟವಾಗುವ ತನಕ ತಡೆ. ಪಡಸಾಲೆಗೆ ಕರೆಯಬೇಡ, ನಾಲ್ಕು ಜನ ಇರುತ್ತಾರೆ. ಪೀಠಿಕೆ ಹಾಕಬೇಡ. ಕೂಸು ಹೋಯಿತಂತೆ, ಲೀಲಾ ಹುಷಾರಿದ್ದಾಳಂತೆ ಎನ್ನು. ಅಷ್ಟು ಸಾಕು. ಮೂಗು, ಬಣ್ಣ ಕೇಳಿದರೆ, ಮೂಗು ನಿನ್ನಂಥದೇ ಇತ್ತಂತೆ ಎಂದು ಹೇಳು. ಅದು ಖರೆ. ಅವಳು ಅತ್ತರೆ ಸುಮ್ಮನಿರು. ಅಳದಿದ್ದರೂ ಸುಮ್ಮನಿರು. ಮಡಿಯಲ್ಲಿದ್ದೇನೆ, ಮುಟ್ಟಬೇಡ ಎಂದರೆ ಮುಟ್ಟಬೇಡ, ಹತ್ತಿರ ಕುಳಿತುಕೋ.

ಅವಳು ಒಳಗೇ, ಅಡುಗೆಮನೆಯಲ್ಲೇ ಇರುತ್ತಾಳೆ. ನೀನು ಒಳಗೆ ಹೋಗು. ನಿನ್ನನ್ನು ಬಿಡುತ್ತಾರೆ.

ಲೀಲಾ